ಹೆಸರನ್ನರಿತು ಹಾರ ಹಾಕಲಿ ನಮ್ಮ ಮಕ್ಕಳು

ನವೆಂಬರ್ ಮಾಸದ ಮೊದಲ ದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಊರುಗಳಲ್ಲಿ ಹಬ್ಬದ ಕಳೆ ಮೂಡುವುದು ಮಕ್ಕಳಿಂದಲೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ತಾಲ್ಲೂಕು ಆಡಳಿತದವರು ಏರ್ಪಡಿಸುವ ರಾಜ್ಯೋತ್ಸವಕ್ಕೆ ಶಾಲಾ ವಿದ್ಯಾರ್ಥಿಗಳೇ ಜೀವಾಳ. ಬೆಳಗಿನ ಚಳಿಯಲ್ಲಿ ಸಮವಸ್ತ್ರ ತೊಟ್ಟು ಸಾಲುಗಟ್ಟಿ ನಿಲ್ಲುವವರು ಅವರು. ಭುವನೇಶ್ವರಿಯ ಭಾವಚಿತ್ರದ ಮೆರವಣಿಗೆಯಲ್ಲಿ ನಡೆಯುವವರು ಅವರು. ನಾಡಗೀತೆಯನ್ನು ಹಾಡುವವರೂ ಅವರೇ. ಧ್ವಜ ಏರುತ್ತದೆ, ಭಾಷಣಗಳು ಮುಗಿಯುತ್ತವೆ, ಸಿಹಿ ಹಂಚಿಕೆಯಾಗುತ್ತದೆ. ಮನೆಗೆ ಮರಳಿದ ಮಗುವನ್ನು ತಂದೆತಾಯಿಗಳು ‘ನಿನ್ನ ನೃತ್ಯ ಹೇಗಾಯಿತು?’ ಎಂದು ಅಕ್ಕರೆಯಿಂದ ವಿಚಾರಿಸುತ್ತಾರೆ. ‘ಇಂದು ಯಾರನ್ನು ನೆನೆದಿರಿ?’ ಎಂದು ಕೇಳುವ ಮನೆಗಳು ವಿರಳ.

ಈ ಎರಡನೆಯ ಪ್ರಶ್ನೆಗೆ ಈಗ ಅವಸರವಿದೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಹತ್ತು ವರ್ಷದ ಬಾಲಕರಾಗಿದ್ದವರು ಇಂದು ಎಂಬತ್ತರ ಹೊಸ್ತಿಲಲ್ಲಿದ್ದಾರೆ. ಆ ದಿನವನ್ನು ಕಣ್ಣಾರೆ ಕಂಡವರ ಬಾಯಿಂದಲೇ ಕಥೆ ಕೇಳುವ ಭಾಗ್ಯ ನಮ್ಮ ಮಕ್ಕಳಿಗೆ ಇನ್ನು ಕೆಲವೇ ವರ್ಷ ಉಳಿದಿದೆ. ಆ ಬಳಿಕ ಹಿರಿಯರ ಹೆಸರುಗಳು ಬೀದಿಯ ಫಲಕಗಳಲ್ಲಿ ಮಾತ್ರ ಉಳಿಯುವ ಅಪಾಯವಿದೆ.

ಊರ ವೃತ್ತದಲ್ಲೊಂದು ಹೆಸರು

ದೊಡ್ಡಬಳ್ಳಾಪುರದ ಜನರಿಗೆ ಸಿದ್ದಲಿಂಗಯ್ಯ ವೃತ್ತ ಚಿರಪರಿಚಿತ. ನಿತ್ಯವೂ ಅದನ್ನು ದಾಟಿ ಶಾಲೆಗೆ ಹೋಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ವ್ಯಕ್ತಿಯ ಪರಿಚಯವಿದೆ? ಟಿ. ಸಿದ್ದಲಿಂಗಯ್ಯನವರು ಈ ನೆಲದ ಮುಂದಾಳು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ ಅದರ ಅಧ್ಯಕ್ಷತೆ ವಹಿಸಿದ್ದವರು ಇವರೇ. ರಾಷ್ಟ್ರಧ್ವಜವನ್ನು ಹಾರಿಸಬಾರದೆಂದು ಸರ್ಕಾರ ವಿಧಿಸಿದ್ದ ನಿಷೇಧವನ್ನು ಮುರಿದು ನಡೆದ ಆ ಧ್ವಜ ಸತ್ಯಾಗ್ರಹ ಇಡೀ ಸಂಸ್ಥಾನವನ್ನು ಎಚ್ಚರಿಸಿತು. ಅದಾದ ಎರಡೇ ವಾರಗಳಲ್ಲಿ, ಏಪ್ರಿಲ್ 25ರಂದು, ದೊಡ್ಡಬಳ್ಳಾಪುರಕ್ಕೆ ನೆರೆಯದಾದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದಿದ್ದ ಜನರ ಮೇಲೆ ಗುಂಡು ಹಾರಿತು. ಹಲವರು ಪ್ರಾಣ ತೆತ್ತರು.

ಈ ಘಟನೆಗಳಿಗೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಶಿವಪುರ, ವಿದುರಾಶ್ವತ್ಥಗಳ ಹೋರಾಟ ಮುಂದೆ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಬಲ ತಂದಿತು. 1947ರ ಅಕ್ಟೋಬರ್‌ನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮುಂದಾಳುತನದಲ್ಲಿ ಮೈಸೂರಿನಲ್ಲಿ ಜನಪ್ರತಿನಿಧಿಗಳ ಮಂತ್ರಿಮಂಡಲ ಬಂದಿತು. ಪ್ರಜೆಗಳ ಮಾತು ನಡೆಯುವ ಶಾಸನಸಭೆ ಇದ್ದುದರಿಂದಲೇ ವಿಶಾಲ ಕರ್ನಾಟಕದ ಪ್ರಶ್ನೆಯನ್ನು ಮುಂದೆ ಅಲ್ಲಿ ಬಹಿರಂಗವಾಗಿ ಚರ್ಚಿಸಲು ಸಾಧ್ಯವಾಯಿತು. ಶಾಲೆಯ ಅಂಗಳದಲ್ಲಿ ಧ್ವಜ ಕಟ್ಟುವ ಬಾಲಕನಿಗೆ, ಇದೇ ಕಾರ್ಯ ಒಂದು ಕಾಲದಲ್ಲಿ ಅಪರಾಧವಾಗಿತ್ತೆಂಬುದು ತಿಳಿದರೆ ಅವನು ಹಗ್ಗ ಹಿಡಿಯುವ ರೀತಿಯೇ ಬೇರೆಯಾದೀತು.

ಬಾಗಿಲು ತೆರೆದ ಹಿರಿಯರು

ಧಾರವಾಡ, ಬೆಳಗಾವಿ, ವಿಜಾಪುರಗಳ ಜನ ಮುಂಬಯಿ ಪ್ರಾಂತದಲ್ಲಿಯೂ, ಕಲಬುರ್ಗಿ, ರಾಯಚೂರು, ಬೀದರಗಳ ಜನ ಹೈದರಾಬಾದ್ ಸಂಸ್ಥಾನದಲ್ಲಿಯೂ, ಮಂಗಳೂರು, ಬಳ್ಳಾರಿಗಳ ಜನ ಮದ್ರಾಸ್ ಪ್ರಾಂತದಲ್ಲಿಯೂ ಹಂಚಿಹೋಗಿ ಪರಭಾಷೆಯ ಆಡಳಿತದಲ್ಲಿ ಬಳಲುತ್ತಿದ್ದರು. ಅವರಿಗೆ ಏಕೀಕರಣವು ಬಿಡುಗಡೆಯಾಗಿತ್ತು. ನಮ್ಮ ಬೆಂಗಳೂರು ಸೀಮೆಯ ಸ್ಥಿತಿ ಹಾಗಿರಲಿಲ್ಲ. ನಾವು ಕನ್ನಡದ ಅರಸರ ಆಳ್ವಿಕೆಯಲ್ಲಿದ್ದವರು; ಕನ್ನಂಬಾಡಿಯ ನೀರು, ಭದ್ರಾವತಿಯ ಕಬ್ಬಿಣ, ಶಾಲೆ ಆಸ್ಪತ್ರೆಗಳು ನಮ್ಮಲ್ಲಿದ್ದವು. ಹಿಂದುಳಿದ ಪ್ರದೇಶಗಳ ಹೊರೆಯನ್ನು ನಾವೇಕೆ ಹೊರಬೇಕೆಂಬ ಮಾತು ಹಳೆಯ ಮೈಸೂರಿನಲ್ಲಿ ಬಲವಾಗಿಯೇ ಕೇಳಿಬಂದಿತು.

ಈ ಚರ್ಚೆಯಲ್ಲಿ ಜಾತಿಯ ಎಣಿಕೆಯೂ ನುಸುಳಿತ್ತು; ಅದನ್ನು ಮುಚ್ಚಿಡಬೇಕಾದುದಿಲ್ಲ. ಹೊಸ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಿ, ಹಳೆಯ ಮೈಸೂರಿನಲ್ಲಿ ಒಕ್ಕಲಿಗರಿಗಿದ್ದ ಬಲ ಕುಗ್ಗುವುದೆಂದು ಅನೇಕರು ಅಳುಕಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ಕೆಂಗಲ್ ಹನುಮಂತಯ್ಯನವರು. 1908ರ ಫೆಬ್ರವರಿ 14ರಂದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಅವರು ಒಕ್ಕಲಿಗ ಸಮಾಜದವರು. ಆ ರಾಮನಗರ 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ ಅವರು ನಮ್ಮ ಜಿಲ್ಲೆಯ ಹಿರಿಯರೇ ಆಗುತ್ತಾರೆ. ಫಜಲ್ ಅಲಿ ಆಯೋಗದ ವರದಿ 1955ರಲ್ಲಿ ಹೊರಬಂದಾಗ, ತಮ್ಮವರಲ್ಲೇ ಹಲವರ ವಿರೋಧವಿದ್ದರೂ ಅವರು ಕನ್ನಡಿಗರೆಲ್ಲ ಒಂದಾಗಬೇಕೆಂಬ ಪಕ್ಷವನ್ನು ಹಿಡಿದರು.

1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರು ಅಧಿಕಾರ ಬಿಡಬೇಕಾಯಿತು. ನವೆಂಬರ್ 1ರಂದು ವಿಶಾಲ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದವರು ಎಸ್. ನಿಜಲಿಂಗಪ್ಪನವರು. ತಾವೇ ಮುಂದೆ ನಿಂತು ಕಟ್ಟಿಸಿದ ವಿಧಾನಸೌಧದಲ್ಲಿ ಆ ದಿನ ಮುಖ್ಯಮಂತ್ರಿಗಳಾಗಿ ಕುಳಿತುಕೊಳ್ಳುವ ಯೋಗ ಹನುಮಂತಯ್ಯನವರಿಗೆ ಒದಗಲಿಲ್ಲ. ನಿಜಲಿಂಗಪ್ಪನವರು ನಮ್ಮ ಸಮಾಜದವರೆಂದು ಹೆಮ್ಮೆಪಡುವ ನಾವು, ಆ ಪೀಠದ ಕಡೆಗೆ ಬಾಗಿಲು ತೆರೆದವರಲ್ಲಿ ಅನ್ಯ ಸಮಾಜದ ಈ ಧೀಮಂತರೂ ಒಬ್ಬರೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಎಲ್ಲರನ್ನೂ ನಮ್ಮವರೆಂದು ಕಾಣಬೇಕೆಂಬ ಬಸವಣ್ಣನವರ ಬೋಧೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಬಡಗಣ ನಾಡಿನ ತಪಸ್ವಿಗಳು

ನಮ್ಮ ಸೀಮೆಯ ಮಕ್ಕಳಿಗೆ ಉತ್ತರದ ಹಿರಿಯರ ಪರಿಚಯ ಇನ್ನೂ ಕಡಿಮೆ. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡಿಗರ ಎಚ್ಚರಕ್ಕೆ ಮೊದಲ ನೆಲೆಯಾಯಿತು. ಮುಂದಿನ ಕಥೆಯಲ್ಲಿ 1880ರ ಜುಲೈ ಮಾಸ ಒಂದು ಪುಣ್ಯಮಾಸ. ಆ ತಿಂಗಳ 2ರಂದು ಧಾರವಾಡದಲ್ಲಿ ಫ.ಗು. ಹಳಕಟ್ಟಿಯವರು ಜನಿಸಿದರು; 12ರಂದು ವಿಜಾಪುರದಲ್ಲಿ ಆಲೂರು ವೆಂಕಟರಾಯರು ಜನಿಸಿದರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಾಪುರದಲ್ಲಿ ನೆಲೆಸಿ ಮನೆಮನೆಯ ತಾಳೆಗರಿಗಳನ್ನು ಅರಸಿ ವಚನಗಳನ್ನು ಬೆಳಕಿಗೆ ತಂದರು. ವಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡದಲ್ಲಿ ನೆಲೆಸಿ 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಕನ್ನಡಿಗರಿಗೆ ಅವರ ಚರಿತ್ರೆಯನ್ನು ತೋರಿದರು. ಒಬ್ಬರು ಶರಣರ ನುಡಿಯನ್ನು ಮರಳಿ ಕೊಟ್ಟರು, ಮತ್ತೊಬ್ಬರು ನಾಡಿನ ನೆನಪನ್ನು ಮರಳಿ ಕೊಟ್ಟರು. ಒಂದೇ ತಿಂಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ಬರುವ ಈ ಎರಡು ಜಯಂತಿಗಳನ್ನು ಒಟ್ಟಿಗೆ ಆಚರಿಸಲು ಶಾಲೆಗಳಿಗೆ ಏನು ಅಡ್ಡಿ?

1924ರಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಹುಯಿಲಗೋಳ ನಾರಾಯಣರಾಯರ ಗೀತೆ ಅಲ್ಲಿ ಮೊಳಗಿತು. ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಸೇರಿತು. 1953ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 23 ದಿನ ಉಪವಾಸ ಕುಳಿತರು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಹೇಬರು ದುಷ್ಕರ್ಮಿಗಳ ದಾಳಿಗೆ ಬಲಿಯಾದರು. ಬ್ರಾಹ್ಮಣ, ಲಿಂಗಾಯತ, ಒಕ್ಕಲಿಗ, ಮುಸಲ್ಮಾನ ಎಂಬ ಭೇದವಿಲ್ಲದೆ ಕಟ್ಟಿದ ಮನೆ ಇದು.

ಹಾಡಿನ ನಂತರ ಏನು?

ಮಕ್ಕಳ ಉತ್ಸಾಹಕ್ಕೆ ಕೊರತೆಯಿಲ್ಲ. 2022ರ ಅಕ್ಟೋಬರ್ 28ರಂದು ನಡೆದ ಕೋಟಿ ಕಂಠ ಗಾಯನದಲ್ಲಿ ನಾಡಿನಾದ್ಯಂತ ವಿದ್ಯಾರ್ಥಿಗಳು ಆರು ಕನ್ನಡ ಗೀತೆಗಳನ್ನು ಏಕಕಾಲಕ್ಕೆ ಹಾಡಿದರು. ಡಿ. ದೇವರಾಜ ಅರಸರ ಆಡಳಿತದಲ್ಲಿ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದರ ಐವತ್ತನೆಯ ವರ್ಷವನ್ನು 2023ರಲ್ಲಿ ‘ಕರ್ನಾಟಕ ಸಂಭ್ರಮ’ವೆಂದು ಆಚರಿಸಿದಾಗಲೂ ಮಕ್ಕಳೇ ಮುಂದಿದ್ದರು. ಹಾಡು ಬಾಯಿಗೆ ಬಂದಿದೆ. ಅದನ್ನು ಬರೆದವರು ಯಾವ ಸಂಕಟದಲ್ಲಿ ಬರೆದರೆಂಬುದೂ ಮನಸ್ಸಿಗೆ ಬರಬೇಕು. ಅದು ಒಂದು ದಿನದ ಉತ್ಸವದಿಂದ ಆಗುವ ಕೆಲಸವಲ್ಲ. ಮನೆ ಮತ್ತು ಶಾಲೆ ಕೂಡಿ ವರ್ಷವಿಡೀ ಮಾಡಬೇಕಾದ ಕಾಯಕ.

ಈ ಕಾಯಕಕ್ಕೆ ಹಣ ಬೇಕಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ರಸ್ತೆ, ವೃತ್ತ ಅಥವಾ ಶಾಲೆಗಿರುವ ಹಿರಿಯರೊಬ್ಬರ ಹೆಸರನ್ನು ಆರಿಸಿಕೊಳ್ಳಲಿ. ಅವರು ಹುಟ್ಟಿದ ದಿನ, ಮಾಡಿದ ಕೆಲಸ, ತೊರೆದ ಸುಖ ಇವನ್ನು ಗ್ರಂಥಾಲಯದಲ್ಲಿ ಹುಡುಕಿ ಒಂದು ಪುಟ ಬರೆಯಲಿ. ರಾಜ್ಯೋತ್ಸವದ ಹಿಂದಿನ ದಿನ ಆ ಫಲಕವನ್ನು ತೊಳೆದು, ಮರುದಿನ ತಾನು ಬರೆದುದನ್ನು ಅಲ್ಲಿಯೇ ನಿಂತು ಓದಲಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ, 1956ರಲ್ಲಿ ಅವರ ಊರಿನಲ್ಲಿ ಏನು ನಡೆಯಿತೆಂದು ಕೇಳಿ ಬರೆದಿಡಲಿ. ಬಡಗಣ ಜಿಲ್ಲೆಗಳಿಂದ ಬಂದು ನಮ್ಮ ಜಿಲ್ಲೆಯಲ್ಲಿ ನೆಲೆಸಿರುವ ಕುಟುಂಬಗಳ ಹಿರಿಯರನ್ನು ಶಾಲೆಗೆ ಕರೆದು ಅವರ ಸೀಮೆಯ ಅನುಭವವನ್ನು ಕೇಳಲಿ.

ತಂದೆತಾಯಿಗಳಿಗೂ ಒಂದು ವಿನಂತಿ. ಇತ್ತೀಚೆಗೆ ಹಿರಿಯರ ಭಾವಚಿತ್ರಗಳು ಆಯಾ ಸಮಾಜದ ಸಭಾಂಗಣಗಳಿಗೆ ಸೀಮಿತವಾಗುತ್ತಿವೆ. ನಿಜಲಿಂಗಪ್ಪನವರು ನಮ್ಮಲ್ಲಿ, ಹನುಮಂತಯ್ಯನವರು ಅವರಲ್ಲಿ ಎಂದು ಹಂಚಿಕೊಂಡರೆ, ಅವರು ಕೂಡಿಸಿದ ನಾಡನ್ನು ನಾವು ಮನಸ್ಸಿನಲ್ಲಿ ಮತ್ತೆ ಒಡೆದಂತೆ. ಬರುವ ನವೆಂಬರ್ ಒಂದರಂದು ನಮ್ಮ ಮನೆಯ ಮಗು ಮೊದಲ ಹಾರವನ್ನು ಅನ್ಯ ಸಮಾಜದ ಹಿರಿಯರೊಬ್ಬರ ಭಾವಚಿತ್ರಕ್ಕೆ ಹಾಕಲಿ. ಹಾಕುವ ಮೊದಲು ಅವರ ಹೆಸರನ್ನೂ ಅವರು ಮಾಡಿದ ಒಂದು ಕಾರ್ಯವನ್ನೂ ಸ್ಪಷ್ಟವಾಗಿ ಹೇಳಲಿ. ಆ ಎರಡು ಮಾತುಗಳೇ ನಾಡಿನ ಹುಟ್ಟುಹಬ್ಬಕ್ಕೆ ಮಕ್ಕಳು ಕೊಡಬಹುದಾದ ನಿಜವಾದ ಕಾಣಿಕೆ.