ಸ್ಪಾಂಜ್ ತೊಳೆದೆ, ಮೀನು ಸತ್ತವು

ಕಳೆದ ವರ್ಷ ಒಂದು ಭಾನುವಾರ ಭಾರೀ ಉತ್ಸಾಹದಲ್ಲಿ ಅಕ್ವೇರಿಯಂ ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ಕಂದು ನೀರು ಪೂರ್ತಿ ಹೋಗುವವರೆಗೂ ತಿಕ್ಕಿ ತೊಳೆದೆ. ಗುರುವಾರ ಬೆಳಿಗ್ಗೆ ಎರಡೂ ಗೋಲ್ಡ್‌ಫಿಶ್ ಮೇಲೆ ತೇಲುತ್ತಿದ್ದವು. ನೀರು ಮಾತ್ರ ಗಾಜಿನಷ್ಟು ತಿಳಿ! ಟೆಸ್ಟ್ ಕಿಟ್ ತಂದು ನೋಡಿದರೆ ಅಮೋನಿಯದ ಹಸಿರು ಬಣ್ಣ.

ಮೀನಿನ ಕಿವಿರಿನಿಂದ ಬರುವ ಅಮೋನಿಯ ಕಣ್ಣಿಗೆ ಕಾಣೋದಿಲ್ಲ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೊಸ್ಪೈರಾ ಎಂಬ ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವೆಲ್ಲ ವಾಸವಾಗಿರೋದು ನಾನು ಕೊಳೆ ಅಂತ ತಿಕ್ಕಿ ತೆಗೆದ ಆ ಕಂದು ಲೋಳೆಯಲ್ಲಿ. ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ತುಂಬೆಯಿಂದ ನಗರಕ್ಕೆ ಬರುವ ನೇತ್ರಾವತಿ ನೀರಿಗೆ ಕ್ಲೋರಿನ್ ಹಾಕುವುದು ನಮ್ಮ ಒಳ್ಳೆಯದಕ್ಕೇ, ಬ್ಯಾಕ್ಟೀರಿಯಾಗಳ ಒಳ್ಳೆಯದಕ್ಕಲ್ಲ. ಸ್ಪಾಂಜನ್ನು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕಿತ್ತು.

ಹಾಗಾಗಿ ಫಿಲ್ಟರ್ ಕೊಳ್ಳುವಾಗ ಪಂಪಿಗಿಂತ ಮೊದಲು ನೋಡಬೇಕಾದ್ದು, ಬ್ಯಾಕ್ಟೀರಿಯಾ ಕೂರಲು ಜಾಗ ಎಷ್ಟಿದೆ ಅನ್ನೋದು. ಆಮೇಲೆ ಲೆಕ್ಕ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 57 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45. ಗಂಟೆಗೆ ನಾಲ್ಕೈದು ಸಲ ನೀರು ತಿರುಗಬೇಕು ಎಂಬುದು ರೂಢಿ. ಅಂದರೆ 200 ಲೀಟರ್ ಚಿಲ್ಲರೆ. ಆದರೆ ಡಬ್ಬದ ಮೇಲಿನ ಅಂಕಿ ಖಾಲಿ ಪಂಪಿನದ್ದು ಮಾರಾಯ್ರೆ, ಸ್ಪಾಂಜ್ ತುಂಬಿದ ಮೇಲೆ ಅದು ಸಿಗೋದಿಲ್ಲ. ನಾನಂತೂ ಅರ್ಧಕ್ಕೇ ಲೆಕ್ಕ ಹಾಕೋದು. ಇನ್ನು ಅಷ್ಟು ಸಣ್ಣ ಟ್ಯಾಂಕಿಗೆ ಎರಡು ಗೋಲ್ಡ್‌ಫಿಶ್ಶೇ ಜಾಸ್ತಿ, ಯಾವ ಫಿಲ್ಟರೂ ಅದನ್ನು ಸರಿಮಾಡೋದಿಲ್ಲ. ಅಂಗಡಿಯವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಂಗಳೂರಿಗೆ ಇನ್ನೊಂದು ತಲೆಬಿಸಿ ಕರೆಂಟ್. ಜೂನ್ ಮಳೆಗೆ ಮರ ಬಿದ್ದು ರಾತ್ರಿಯಿಡೀ ಹೋದರೆ, ದುಬಾರಿ ಕ್ಯಾನಿಸ್ಟರ್ ಫಿಲ್ಟರಿನ ಮುಚ್ಚಿದ ಡಬ್ಬದೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರೆಲ್ಲ ಟ್ಯಾಂಕಿಗೆ. ನಮ್ಮ ಸೆಕೆಗೆ ನೀರಿನಲ್ಲಿ ಆಮ್ಲಜನಕವೇ ಕಮ್ಮಿ ಬೇರೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ. ಅದಕ್ಕೇ ಏರ್ ಪಂಪಿನಿಂದ ನಡೆಯುವ ಸಾದಾ ಸ್ಪಾಂಜ್ ಫಿಲ್ಟರ್ ನನಗೆ ಇಷ್ಟ. ಗುಳ್ಳೆ ಮೇಲೆದ್ದು ನೀರು ಕಲಕುತ್ತದೆ, ಕರೆಂಟ್ ಖರ್ಚು ಕೆಲವೇ ವ್ಯಾಟ್. ನೋಡೋಕೆ ಚಂದ ಇಲ್ಲ, ಒಪ್ಪಿದೆ.

ಬಾವಿ ನೀರು ಇರುವವರಿಗೆ ಕ್ಲೋರಿನ್ ಚಿಂತೆಯಿಲ್ಲ. ಆದರೆ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನ ಕ್ಷಾರ ಗುಣ ಖರ್ಚಾಗಿ ಪಿಎಚ್ ಇಳಿಯುತ್ತದೆ, 6ರ ಹತ್ತಿರ ಬಂದರೆ ಅವೂ ಮಂಕಾಗುತ್ತವೆ. ಮದ್ದು ಅಡುಗೆಮನೆಯಲ್ಲೇ ಇದೆ: ಮರುವಾಯಿ ಪುಂಡಿ ಮಾಡಿದ ದಿನ ಉಳಿದ ಚಿಪ್ಪನ್ನು ಮಸಾಲೆ ಹೋಗುವಂತೆ ಕುದಿಸಿ, ಒಣಗಿಸಿ, ಒಂದು ಹಿಡಿ ನೆಟ್ ಚೀಲದಲ್ಲಿ ಫಿಲ್ಟರ್ ಪಕ್ಕ ಇಡಿ. ಅದು ನಿಧಾನಕ್ಕೆ ಕರಗುತ್ತಾ ಪಿಎಚ್ ಹಿಡಿದಿಡುತ್ತದೆ.

ಈ ಸಲ ಮೀನು ತರುವ ಮೊದಲು ಫಿಲ್ಟರನ್ನು ಆರು ವಾರ ಓಡಿಸಿದೆ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ಖಾಲಿ ಟ್ಯಾಂಕಿಗೆ ಊಟ ಹಾಕೋದು ನೋಡಿ ಅಮ್ಮ ನಕ್ಕರು. ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಆದ ಮೇಲೆ ಆರು ಗಪ್ಪಿ ತಂದೆ. ಏರ್ ಪಂಪ್ ಈಗ ಇನ್ವರ್ಟರ್ ಲೈನಿನಲ್ಲಿ, ವೈಫೈ ರೂಟರ್ ಪಕ್ಕದಲ್ಲೇ ಇದೆ.