ಕೆಂಪು ದೀಪ ಹತ್ತೋ ಮುಂಚೆ: ಆಡಿಯೋ ಇಂಟರ್‌ಫೇಸ್ ಜೋಡಿಸೋದು, ಲೆವೆಲ್ ಇಡೋದು

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಒಂದು ಭಾವಗೀತೆ ರೆಕಾರ್ಡ್ ಮಾಡಿದ್ವಿ. ಹಾಡಿದ್ದು ಫೈನಲ್ ಇಯರ್ ಸೀನಿಯರ್ ಒಬ್ಬರು. ಪಲ್ಲವಿ ಚೆನ್ನಾಗಿ ಬಂತು. ಕೊನೆಯ ಚರಣದಲ್ಲಿ ಅವರು ತಾರಸ್ಥಾಯಿಗೆ ಹೋದಾಗ ಇಂಟರ್‌ಫೇಸ್ ಮೇಲೆ ಕೆಂಪು ದೀಪ ಮಿನುಗಿತು. "ಪರ್ವಾಗಿಲ್ಲ, ಎಡಿಟಿಂಗ್‌ನಲ್ಲಿ ಕಮ್ಮಿ ಮಾಡ್ಕೊಳ್ಳೋಣ" ಅಂದುಕೊಂಡೆವು. ರಾತ್ರಿ ಕೇಳಿದರೆ ಆ ಚರಣ ಪೂರ್ತಿ ಕರಕರ! ವಾಲ್ಯೂಮ್ ಇಳಿಸಿದರೆ ಕರಕರ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಮತ್ತೆ ಹಾಡಿಸೋಣ ಅಂದರೆ ಅವರು ಆಗಲೇ ಇಂಟರ್ನ್‌ಶಿಪ್‌ಗೆ ಊರು ಬಿಟ್ಟಿದ್ದರು. ಕೊನೆಗೆ ಆ ಚರಣ ಕತ್ತರಿಸಿಯೇ ಹಾಡು ಹಾಕಬೇಕಾಯಿತು. ನಿಮಗೆ ಹಾಗಾಗದಿರಲಿ ಅಂತ ಈ ಬರಹ.

ಇದು ಮಾಡೋ ಕೆಲಸ ಏನು?

ಮೈಕ್‌ನಿಂದ ಬರೋ ಸಿಗ್ನಲ್ ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ಇಂಟರ್‌ಫೇಸ್‌ನ ಪ್ರೀಆಂಪ್ ಅದನ್ನು ದೊಡ್ಡದು ಮಾಡುತ್ತೆ, ಆಮೇಲೆ ಎಡಿಸಿ ಅದನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳನ್ನಾಗಿಸುತ್ತೆ. ವಿಡಿಯೋಗೆ ಬಳಸೋದಾದರೆ 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ.

ಜೋಡಿಸೋ ಕ್ರಮ

1. ಮೊದಲು ಡ್ರೈವರ್ ಹಾಕಿ. ವಿಂಡೋಸ್‌ನಲ್ಲಾದರೆ ಆ ಇಂಟರ್‌ಫೇಸ್‌ನದ್ದೇ ಎಎಸ್‌ಐಒ ಡ್ರೈವರ್ ಇದ್ದರೆ ಅದನ್ನೇ ಬಳಸಿ. ಸಾಫ್ಟ್‌ವೇರ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಇಂಟರ್‌ಫೇಸ್ ಆರಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಮೈಕೇ ರೆಕಾರ್ಡ್ ಆಗ್ತಿರುತ್ತೆ!

2. ಗೇನ್ ಮತ್ತು ಹೆಡ್‌ಫೋನ್ ನಾಬ್ ಎರಡನ್ನೂ ಸೊನ್ನೆಗೆ ತಂದು, ಮೈಕನ್ನು ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಜೋಡಿಸಿ. ಗಿಟಾರ್ ಆದರೆ ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತಿ. ಅದರ ಪಿಕಪ್‌ಗೆ ಹೆಚ್ಚು ಇಂಪೀಡೆನ್ಸ್ ಇರೋ ಇನ್‌ಪುಟ್ ಬೇಕು. ಕೀಬೋರ್ಡ್‌ಗೆ ಲೈನ್ ಇನ್‌ಪುಟ್.

3. ಕಂಡೆನ್ಸರ್ ಮೈಕ್ ಆದರೆ ಮಾತ್ರ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಮಾಡಿ, ಅದೂ ಕೇಬಲ್ ಜೋಡಿಸಿದ ಮೇಲೆ. ಕೇಬಲ್ ಕೀಳೋ ಮುಂಚೆ ಆಫ್ ಮಾಡಿ.

4. ಹಾಡೋವಾಗ ಸ್ಪೀಕರ್ ಬೇಡ. ಹೆಡ್‌ಫೋನ್ ಹಾಕಿಕೊಳ್ಳಿ.

ಹಾಡೋರಿಗೆ ತಮ್ಮ ದನಿ ತಡವಾಗಿ ಕೇಳಿದರೆ ಬಫರ್ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಅಂದರೆ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್ ತಡ. 128 ಇಟ್ಟರೆ 2.7 ಮಾತ್ರ. ಡೈರೆಕ್ಟ್ ಮಾನಿಟರ್ ಬಟನ್ ಇದ್ದರೆ ಇನ್ನೂ ಸುಲಭ: ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತೆ.

ಈಗ ಅಸಲಿ ವಿಷಯ: ಲೆವೆಲ್

ನಾವು ಎಡವಿದ್ದು ಇಲ್ಲೇ. ಡಿಜಿಟಲ್‌ನಲ್ಲಿ 0 ಡಿಬಿಎಫ್‌ಎಸ್ ಅನ್ನೋದು ಮನೆಯ ತಾರಸಿ ಇದ್ದ ಹಾಗೆ, ಅದರ ಮೇಲೆ ಅಂಕಿಯೇ ಇಲ್ಲ. ಸಿಗ್ನಲ್ ಅದಕ್ಕೆ ತಾಗಿದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತೆ. ಅದೇ ಕ್ಲಿಪ್ಪಿಂಗ್. ಸಾಫ್ಟ್‌ವೇರ್‌ನ ಫೇಡರ್ ಇಳಿಸಿದರೆ ಕತ್ತರಿಸಿದ ಅಲೆಯೇ ಚಿಕ್ಕದಾಗುತ್ತೆ, ಹೋದ ತಲೆ ವಾಪಸ್ ಬರಲ್ಲ. ಫೇಡರ್ ಇರೋದು ಎಡಿಸಿ ಆದಮೇಲೆ, ಗೇನ್ ನಾಬ್ ಇರೋದು ಮುಂಚೆ. ಸರಿಮಾಡೋ ಜಾಗ ಗೇನ್ ಒಂದೇ.

ಗೇನ್ ಇಡೋವಾಗ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅಂದರೆ ಸಾಲದು. ಹಾಡಿನಲ್ಲಿ ಅತಿ ಜೋರಾಗಿ ಬರೋ ಸಾಲನ್ನೇ, ನಿಜಕ್ಕೂ ಹಾಡೋ ದೂರದಲ್ಲೇ ನಿಲ್ಲಿಸಿ ಹಾಡಿಸಿ. ಮೀಟರ್‌ನ ಪೀಕ್ ಮೈನಸ್ 12 ಡಿಬಿ ಸುತ್ತಮುತ್ತ ಇರಲಿ. ಟೆಸ್ಟ್‌ಗಿಂತ ಟೇಕ್‌ನಲ್ಲಿ ಎಲ್ಲರೂ ಜೋರಾಗೇ ಹಾಡ್ತಾರೆ. ಆ 12 ಡಿಬಿ ಅದಕ್ಕೇ. ತಬಲಾದಂಥ ವಾದ್ಯದ ಪೆಟ್ಟುಗಳು ದಿಢೀರಂತ ಏರುತ್ತವೆ, ಅದಕ್ಕೆ ಇನ್ನೂ ಸ್ವಲ್ಪ ಜಾಗ ಬಿಡಿ.

"ಇಷ್ಟು ಕಮ್ಮಿ ಇಟ್ಟರೆ ಕ್ವಾಲಿಟಿ ಹೋಗಲ್ವಾ?" ನಮಗೂ ಇದೇ ಭಯ ಇತ್ತು. ಲೆಕ್ಕ ಹಾಕಿ ನೋಡಿ. ಒಂದು ಬಿಟ್‌ಗೆ ಸುಮಾರು 6 ಡಿಬಿ. 12 ಡಿಬಿ ಬಿಟ್ಟರೆ ಹೋಗೋದು 2 ಬಿಟ್. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಇನ್ನೂ 22 ಉಳೀತು, ಆಡಿಯೋ ಸಿಡಿಯಲ್ಲಿ ಇರೋದೇ 16. ಕೊಠಡಿಯ ಫ್ಯಾನ್ ಸದ್ದೇ ಇದಕ್ಕಿಂತ ದೊಡ್ಡ ತಲೆನೋವು, ಅದನ್ನು ಮೊದಲು ಆಫ್ ಮಾಡಿ. ಕಮ್ಮಿ ಲೆವೆಲ್‌ನ ದನಿಯನ್ನು ಆಮೇಲೆ ಏರಿಸಬಹುದು. ಹರಿದ ದನಿಯನ್ನು ಹೊಲಿಯೋಕೆ ಆಗಲ್ಲ.

ಸಾಫ್ಟ್‌ವೇರ್‌ನಲ್ಲಿ 24 ಬಿಟ್ ಅಂತ ಸೆಟ್ ಆಗಿದೆಯಾ ಅಂತ ಮಾತ್ರ ಒಮ್ಮೆ ನೋಡ್ಕೊಳ್ಳಿ.

ಈಗ ನಾವು ಒಂದು ಕಟ್ಟುನಿಟ್ಟಿನ ರೂಢಿ ಮಾಡಿಕೊಂಡಿದ್ದೀವಿ: ಕೆಂಪು ದೀಪ ಕಂಡರೆ, ಹಾಡು ಎಷ್ಟೇ ಚೆನ್ನಾಗಿ ಬರ್ತಿದ್ರೂ, ಕೈ ಎತ್ತಿ ನಿಲ್ಲಿಸೋದು. ಹಾಡೋರಿಗೆ ಬೇಜಾರಾಗುತ್ತೆ, ನಿಜ. ಆದರೆ ಅವರು ಇನ್ನೂ ಎದುರಿಗೇ ಇರ್ತಾರಲ್ಲ, ಇನ್ನೊಂದು ಸಲ ಹಾಡ್ತಾರೆ.