ಏಳುನೂರ ಮೂವತ್ತು ದಿನಗಳ ಲೆಕ್ಕ

ಮಗಳನ್ನು ಬೈಲಹೊಂಗಲಕ್ಕೋ ಸವದತ್ತಿಗೋ ಕೊಟ್ಟರೆ ಸಂಪಗಾಂವದ ತಂದೆತಾಯಿಗಳಿಗೆ ಅದು ದೂರವೆನಿಸದು. ಕರೆದಾಗ ಬಂದಾಳು, ಬೇಕಾದಷ್ಟು ದಿನ ಇದ್ದಾಳು. ಕೆನಡಾದಲ್ಲಿರುವ ವರನಿಗೆ ಕೊಟ್ಟಾಗ ಮಾತ್ರ ಅವಳು ತವರಿನಲ್ಲಿ ಕಳೆಯುವ ದಿನಗಳನ್ನು ಪರದೇಶದ ಸರಕಾರವೂ ಎಣಿಸತೊಡಗುತ್ತದೆ.

ಆ ದೇಶದ ಈಗಿನ ವಲಸೆ ಕಾಯಿದೆ ೨೦೦೨ರ ಜೂನ್ ೨೮ರಂದು ಜಾರಿಗೆ ಬಂದಿತು. ಅದರ ೨೮ನೆಯ ಕಲಮಿನಂತೆ, ಕಾಯಂ ನಿವಾಸಿಯಾದವರು ಪ್ರತಿ ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ ೭೩೦ ದಿನ ಆ ನೆಲದ ಮೇಲಿರಬೇಕು. ಅವು ಒಂದೇ ಸಮನೆ ಬರಬೇಕೆಂದಿಲ್ಲ. ಬಿಡಿಬಿಡಿಯಾಗಿ ಕೂಡಿಸಿದರೂ ಸಂದೀತು. ಉದಾರವಾದ ನಿಯಮವೆಂದೇ ಹೇಳಬೇಕು.

ತೊಡಕಿರುವುದು ಅಗಲಿದ ದಂಪತಿಗಳ ವಿಷಯದಲ್ಲಿ. ಗಂಡ ಕೆನಡಾದ ಪ್ರಜೆಯಾಗಿದ್ದು, ಇಬ್ಬರೂ ಕೂಡಿ ಹೊರದೇಶದಲ್ಲಿ ಬಾಳಿದರೆ ಆ ದಿನಗಳೂ ಹೆಂಡತಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ಆದರೆ ಗಂಡ ಟೊರಾಂಟೊದಲ್ಲಿ ದುಡಿಯುತ್ತ, ಹೆಂಡತಿ ಸಂಪಗಾಂವದಲ್ಲಿ ಹಾಸಿಗೆ ಹಿಡಿದ ಅತ್ತೆಯ ಆರೈಕೆಗೆ ನಿಂತಳೆನ್ನಿ. ಈ ವಿನಾಯಿತಿಯಿಂದ ಅವಳಿಗೆ ಒಂದು ದಿನವೂ ದೊರೆಯದು. ಅವಳು ಅಗಲಿರುವುದು ಅವನ ತಾಯಿಗಾಗಿಯೇ ಆದರೂ ಸರಿ, ಅವನ ಮನೆ, ತೆರಿಗೆ, ಪೌರತ್ವ ಯಾವುದೂ ಅವಳ ದಿನಗಳನ್ನು ತುಂಬಿಕೊಡಲಾರದು. ಅತ್ತೆಯ ಸೇವೆಯೇ ಸೊಸೆಯ ಧರ್ಮವೆಂದು ಉಪದೇಶಿಸುವ ಹಿರಿಯರು ಈ ಕಲಮನ್ನು ಓದಿರುವುದಿಲ್ಲ!

ಹಾಗೆಂದು ದಿನ ಕಡಮೆಯಾದೊಡನೆ ಸ್ಥಾನ ತಾನಾಗಿ ಅಳಿಯದು. ಕಾರ್ಡಿನ ಅವಧಿ ಮುಗಿದರೂ ನಿವಾಸತ್ವ ಉಳಿದೇ ಇರುತ್ತದೆ. ಹೋಯಿತೆಂದು ಅಧಿಕಾರಿಯೇ ವಿಚಾರಿಸಿ ತೀರ್ಮಾನಿಸಬೇಕು. ಮಾನವೀಯ ಕಾರಣಗಳನ್ನು, ಅದರಲ್ಲೂ ಮಕ್ಕಳ ಹಿತವನ್ನು, ಮನ್ನಿಸಿ ಕೊರತೆಯನ್ನು ತಳ್ಳಿಹಾಕುವ ಅಧಿಕಾರ ಆತನಿಗುಂಟು. ಹೊರದೇಶದಲ್ಲಿರುವಾಗ ತೀರ್ಪು ವಿರುದ್ಧವಾಗಿ ಬಂದರೆ ೬೦ ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಆದುದರಿಂದ ಅತ್ತೆಯ ಆಸ್ಪತ್ರೆಯ ಕಾಗದಪತ್ರಗಳನ್ನು ಸೊಸೆ ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.

ಅಮೆರಿಕೆಯ ರೀತಿ ಬೇರೆ. ಅಲ್ಲಿನ ಗ್ರೀನ್ ಕಾರ್ಡಿಗೆ ಇಂಥ ದಿನಗಳ ಮೊತ್ತವಿಲ್ಲ. ಅಲ್ಲಿಯೇ ನೆಲೆಸುವ ಮನಸ್ಸಿದೆಯೇ ಎಂಬುದು ಪ್ರಶ್ನೆ. ವರ್ಷ ಮೀರಿ ಹೊರಗಿರಬೇಕಾದವರು ಅಲ್ಲಿರುವಾಗಲೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನ ಮೂಲಕ ಕಾರ್ಡು ಸಿಕ್ಕಿದ್ದರೆ ಅದು ಎರಡು ವರ್ಷದ, ಷರತ್ತಿನ ಕಾರ್ಡು. ಅದರ ಕೊನೆಯ ೯೦ ದಿನಗಳಲ್ಲಿ ದಂಪತಿಗಳು ಜಂಟಿಯಾಗಿ ಅರ್ಜಿ ಸಲ್ಲಿಸಿ, ತಮ್ಮ ಮದುವೆ ನಿಜವಾದದ್ದೆಂದು ತೋರಿಸಬೇಕು. ನಮ್ಮ ಸೀಮೆಯಲ್ಲಿ ಅಕ್ಷತೆ ಹಾಕಿದ ಊರೆಲ್ಲ ಸಾಕ್ಷಿ. ಅಲ್ಲಿ ಬ್ಯಾಂಕಿನ ಜಂಟಿ ಖಾತೆಯೂ ಸಾಕ್ಷಿ ನುಡಿಯಬೇಕು.

ಕೆನಡಾಕ್ಕೆ ಹೊರಟ ನವವಧುವಿಗೆ ಒಂದು ಅನುಕೂಲವಿದೆ. ಕಾಯಂ ನಿವಾಸಿಯಾಗಿ ಐದು ವರ್ಷ ತುಂಬುವವರೆಗೆ, ಉಳಿದ ಕಾಲದಲ್ಲಿ ೭೩೦ ದಿನ ಪೂರೈಸಬಲ್ಲಳೇ ಎಂದಷ್ಟೇ ನೋಡುತ್ತಾರೆ. ಮೊದಲ ಮೂರು ವರ್ಷ ಅತ್ತೆಯ ಬಳಿ ಕಳೆದವಳು ಮುಂದಿನ ಎರಡು ವರ್ಷ ಅಲ್ಲಿಂದ ಕದಲುವಂತಿಲ್ಲ, ಸವದತ್ತಿಯ ಎಲ್ಲಮ್ಮನ ಜಾತ್ರೆಗೂ.